ಮುಳ್ಳು ಇಳಿದದ್ದನ್ನು ನಾನು ಹೇಳಲಿಲ್ಲ

ಹನ್ನೊಂದು ವರ್ಷಗಳ ಕಾಲ ನಮ್ಮ ಸೊಸೈಟಿಯಲ್ಲಿ ಮಳೆಯ ಬಗ್ಗೆ ಯಾರಿಗೆ ಏನು ತಿಳಿಯಬೇಕಿದ್ದರೂ ನನ್ನನ್ನೇ ಕೇಳುತ್ತಿದ್ದರು. ಘಾಟ್ಕೋಪರ್ ಪೂರ್ವದಲ್ಲಿ ಮೂರು ವಿಂಗ್‌ಗಳ, ಏಳು ಮಹಡಿಗಳ ಹಳೆಯ ಬಿಲ್ಡಿಂಗ್ ನಮ್ಮದು. ನಾನು ಕುರ್ಲಾದ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ನನ್ನ ಓದಿಗೂ ಹವಾಮಾನಕ್ಕೂ ಸಂಬಂಧವಿಲ್ಲ. ಮೈಸೂರಿನಿಂದ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಜುಲೈ ಮಧ್ಯಾಹ್ನ ಲೋಕಲ್ ರೈಲುಗಳೆಲ್ಲ ನಿಂತುಹೋಗಿ, ಎದೆಮಟ್ಟದ ನೀರಿನಲ್ಲಿ ಕುರ್ಲಾದಿಂದ ರೂಮಿಗೆ ನಡೆದಿದ್ದೆ. ಇಷ್ಟು ನೀರು ಆಕಾಶದಲ್ಲಿ ಎಲ್ಲಿತ್ತು, ಬೆಳಿಗ್ಗೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು. ಆಮೇಲೆ ಅದು ಹೊರಗೆ ಬರಲೇ ಇಲ್ಲ.

ಮದುವೆಯಾಗಿ ಈ ಬಿಲ್ಡಿಂಗಿಗೆ ಬಂದ ಮೇಲೆ ಒಂದು ಮಳೆಮಾಪಕ ತಂದು ಟೆರೇಸಿನಲ್ಲಿ ನೀರಿನ ಟಾಂಕಿಯಿಂದ ದೂರಕ್ಕೆ ನಿಲ್ಲಿಸಿದೆ. ಹಳೆಯ ಸಾಮಾನಿನ ಬಜಾರಿನಲ್ಲಿ ಹಿತ್ತಾಳೆಯ ಬ್ಯಾರೋಮೀಟರ್ ಒಂದು ಸಿಕ್ಕಿತು. ಗೋಡೆ ಗಡಿಯಾರದಷ್ಟು ಅಗಲ, ಗಾಳಿಯ ಒತ್ತಡ ತೋರಿಸಲು ಒಂದೇ ಒಂದು ಮುಳ್ಳು. ಅದನ್ನು ಮನೆಯ ಹಾಲ್‌ನ ಗೋಡೆಗೆ ತೂಗುಹಾಕಿದೆ. ಪ್ರತಿ ಬೆಳಿಗ್ಗೆ ಎಂಟೂವರೆಗೆ ಟೆರೇಸಿಗೆ ಹೋಗಿ ಮಳೆ ಅಳೆದು, ಇಳಿದು ಬಂದು ಒತ್ತಡ ನೋಡಿ, ಎರಡನ್ನೂ ಲೆಡ್ಜರಿನಷ್ಟು ದಪ್ಪದ ನೋಟ್‌ಬುಕ್ಕಿನಲ್ಲಿ ಬರೆದು, ಸೊಸೈಟಿಯ ವಾಟ್ಸಾಪ್ ಗುಂಪಿಗೆ ನಾಲ್ಕು ಸಾಲು ಹಾಕುತ್ತಿದ್ದೆ. ವಾಚ್‌ಮನ್ ನನ್ನ ಮುಖ ನೋಡಿಯೇ ಛತ್ರಿ ತೆಗೆದಿಡುತ್ತಿದ್ದ. ಮೇ ತಿಂಗಳಲ್ಲಿ ಟೀವಿಯವರು ಮುಂಬೈಗೆ ಚಂಡಮಾರುತ ಬಂತು ಎಂದು ಕೂಗುವಾಗಲೆಲ್ಲ ನಾನು ಬರುವುದಿಲ್ಲ ಎಂದು ಬರೆಯುತ್ತಿದ್ದೆ. ಅದು ಒಮಾನಿನ ಕಡೆಗೋ ಗುಜರಾತಿನ ಕಡೆಗೋ ತಿರುಗಿ ಹೋಗುತ್ತಿತ್ತು. ಹಾಗೆ ತಿರುಗುವುದೇ ಹೆಚ್ಚು ಎಂದು ಓದಿದ್ದರಿಂದ ಹೇಳುತ್ತಿದ್ದೆ, ಅಷ್ಟೆ. ಜನ ಅದನ್ನು ನನ್ನ ಜಾಣತನದ ಲೆಕ್ಕಕ್ಕೆ ಸೇರಿಸಿದರು. ನಾನೂ ಬೇಡವೆನ್ನಲಿಲ್ಲ.

ನನ್ನ ಹೆಂಡತಿ ಉಡುಪಿ ಕಡೆಯವಳು, ಮನೆಮಾತು ತುಳು. ಗೋರೆಗಾಂವ್‌ನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೆಟ್ರೋ ಹಿಡಿದು ಅಂಧೇರಿಗೆ ಹೋಗಿ ಅಲ್ಲಿಂದ ಲೋಕಲ್ ಹತ್ತಬೇಕು. ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು, "ಇವತ್ತು ಹೇಗುಂಟು?" ಎಂದು ಕೇಳುವುದು ಅವಳ ರೂಢಿ. ಆ ಪ್ರಶ್ನೆ ನನಗೆ ಎಷ್ಟು ಬೇಕಾಗಿತ್ತು ಎಂಬುದು ಅದು ನಿಂತ ದಿನವಷ್ಟೇ ಗೊತ್ತಾಯಿತು.

ಒಂದು ಜನವರಿಯಲ್ಲಿ ಬಿ ವಿಂಗಿನ ಮೂರನೇ ಮಹಡಿಗೆ ಒಬ್ಬರು ಬಂದರು. ಎಪ್ಪತ್ತು ವರ್ಷ, ಹೆಂಡತಿ ತೀರಿಕೊಂಡಿದ್ದರು, ಸರಕು ಹಡಗುಗಳಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಮಲ್ಪೆಯ ಹತ್ತಿರದ ಊರು. ಸೊಂಟ ನೆಟ್ಟಗೆ, ದನಿ ದೊಡ್ಡದು, ಚಪ್ಪಲಿ ಯಾವಾಗಲೂ ಸವೆದದ್ದು. ಬಂದ ವಾರದಲ್ಲೇ ಲಿಫ್ಟಿನಲ್ಲಿ ನನ್ನ ಹೆಂಡತಿ ಫೋನಿನಲ್ಲಿ ಆಡುತ್ತಿದ್ದ ತುಳು ಅವರ ಕಿವಿಗೆ ಬಿತ್ತು. "ಎಂಚ ಉಲ್ಲರ್?" ಎಂದು ಕ್ಷೇಮ ವಿಚಾರಿಸಿದರಂತೆ. ಅವತ್ತಿನಿಂದ ಅವರು ಅವಳಿಗೆ ಮಾಮ ಆದರು. ಭಾನುವಾರ ನಮ್ಮ ಮನೆಗೆ ಚಹಾಕ್ಕೆ ಬರತೊಡಗಿದರು. ಇಬ್ಬರೂ ತುಳುವಿನಲ್ಲಿ ಮಾತಿಗಿಳಿದರೆ ನಗು ಬರುವ ಜಾಗ ನನಗೆ ತಿಳಿಯುತ್ತಿರಲಿಲ್ಲ. ಅವರು ನಕ್ಕ ಮೇಲೆ ನಾನೂ ನಗುತ್ತಿದ್ದೆ. ಮದುವೆಯಾಗಿ ಹದಿನೈದು ವರ್ಷವಾದರೂ ಅವಳ ಭಾಷೆ ಕಲಿಯದವನು ನಾನು. ಆದರೂ ಸಿಟ್ಟು ಬಂದದ್ದು ಅವರ ಮೇಲೆ.

ಒಂದು ಭಾನುವಾರ ಅವರು ಬ್ಯಾರೋಮೀಟರಿನ ಮುಂದೆ ಬಹಳ ಹೊತ್ತು ನಿಂತರು.

"ಒಳ್ಳೆ ಪೀಸು ಮಾರಾಯ್ರೆ. ನನ್ನದು ಮಗಳ ಮನೆಯಲ್ಲಿ ಮಂಗಳೂರಲ್ಲಿ ಉಂಟು. ಈಗ ಕೈ ಖಾಲಿ ಆದ ಹಾಗೆ ಆಗ್ತದೆ."

"ಯಾವಾಗ ಬೇಕಾದ್ರೂ ಬಂದು ನೋಡಿ, ಕ್ಯಾಪ್ಟನ್," ಎಂದೆ. ಬಾಯಿಮಾತಿಗೆ ಅಂದದ್ದು. ಬಾರದಿದ್ದರೇ ಒಳ್ಳೆಯದು ಎಂದು ಮನಸ್ಸು ಹೇಳುತ್ತಿತ್ತು.

ಏಪ್ರಿಲ್ ರಜೆಯಲ್ಲಿ ಸೆಕ್ರೆಟರಿ ಬಿಲ್ಡಿಂಗಿನ ಮಕ್ಕಳಿಗೆ ಕ್ಯಾಪ್ಟನ್ನರ ಮಾತು ಇಟ್ಟುಕೊಂಡರು. ಹಿಂದಿನ ವರ್ಷ ಸೊಸೈಟಿಯ ಅದೇ ಹಾಲ್‌ನಲ್ಲಿ ನಾನು ಲ್ಯಾಪ್‌ಟಾಪ್ ಹಿಡಿದು ಚಂಡಮಾರುತದ ಬಗ್ಗೆ ಚಿತ್ರಗಳನ್ನು ತೋರಿಸಿದ್ದೆ. ಮಕ್ಕಳು ಆಕಳಿಸಿ, ಬಿಸ್ಕೆಟ್ ಕೊಟ್ಟ ಕೂಡಲೇ ಓಡಿದ್ದರು. ಕ್ಯಾಪ್ಟನ್ ಏನೂ ತಂದಿರಲಿಲ್ಲ. ಇಪ್ಪತ್ತು ಮಕ್ಕಳನ್ನು ದೊಡ್ಡ ವೃತ್ತವಾಗಿ ನಿಲ್ಲಿಸಿದರು. ಆಗ ಎಂಟನೇ ಕ್ಲಾಸು ಮುಗಿಸಿದ್ದ ನನ್ನ ಮಗಳನ್ನು ನಡುವೆ ನಿಲ್ಲಿಸಿ, ಹಿಂದಿಯಲ್ಲಿ ಹೇಳಿದರು: ಇವಳು ನಿಂತ ಜಾಗದಲ್ಲಿ ಸಮುದ್ರ ಬಿಸಿಯಾಗಿದೆ. ಇಪ್ಪತ್ತೇಳು ಡಿಗ್ರಿಗಿಂತ ಮೇಲೆ, ಅದೂ ಬರೀ ಮೇಲ್ಪದರ ಅಲ್ಲ, ಆಳದವರೆಗೆ ಬಿಸಿ. ಇಲ್ಲಿಯ ಗಾಳಿ ನೀರಿನ ಆವಿಯನ್ನು ಹೊತ್ತು ಮೇಲೆ ಹೋಯಿತು. ಕೆಳಗೆ ಒತ್ತಡ ಕಮ್ಮಿಯಾಯಿತು. ಈಗ ನೀವೆಲ್ಲ ಗಾಳಿ. ಇವಳ ಕಡೆ ನಡೆಯಿರಿ. ಆದರೆ ಭೂಮಿ ತಿರುಗುತ್ತಿದೆಯಲ್ಲ, ಅದಕ್ಕೇ ನೇರ ಹೋಗುವಂತಿಲ್ಲ. ಪ್ರತಿ ಹೆಜ್ಜೆಗೂ ಚೂರು ಬಲಕ್ಕೆ ವಾಲಬೇಕು.

ಮಕ್ಕಳು ನಡೆದರು. ಬಲಕ್ಕೆ ವಾಲುತ್ತ ವಾಲುತ್ತ ಇಡೀ ಗುಂಪು ನನ್ನ ಮಗಳ ಸುತ್ತ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗತೊಡಗಿತು. ಯಾರೂ ಅವರಿಗೆ ತಿರುಗಿ ಎಂದು ಹೇಳಿರಲಿಲ್ಲ. ನಡುವೆ ನಿಂತ ಅವಳಿಗೆ ಯಾರೂ ತಾಗಲಿಲ್ಲ. ಅವಳ ಮುಖದಲ್ಲಿದ್ದ ಆಶ್ಚರ್ಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದೇ ವಿಷಯವನ್ನು ಅವಳಿಗೆ ನಾನು ಕಡಿಮೆಯೆಂದರೆ ಐದು ಸಲ ಹೇಳಿದ್ದೆ.

ನನಗೆ ತಡೆಯಲಾಗಲಿಲ್ಲ. ಹಿಂದಿನ ಸಾಲಿನಿಂದ ಎದ್ದು, "ಕ್ಯಾಪ್ಟನ್, ಭೂಮಧ್ಯರೇಖೆಯ ಹತ್ತಿರ ಹೀಗೆ ತಿರುಗುವುದಿಲ್ಲ. ಅಲ್ಲಿ ಸಮುದ್ರ ಎಷ್ಟು ಬಿಸಿಯಾದರೂ ಚಂಡಮಾರುತ ಹುಟ್ಟುವುದಿಲ್ಲ. ಅದನ್ನೂ ಹೇಳಬೇಕು," ಎಂದೆ. ತಪ್ಪು ಹಿಡಿದೆ ಎಂಬ ಖುಷಿಗೆ ದನಿ ಸ್ವಲ್ಪ ಮೇಲೇ ಹೋಗಿತ್ತು.

"ಸರಿಯಾಗಿ ಹೇಳಿದ್ರಿ," ಎಂದರು ಅವರು. ಮಕ್ಕಳ ಕಡೆ ತಿರುಗಿ, "ಕೇಳಿದ್ರಲ್ಲ? ನಿಮ್ಮ ಬಿಲ್ಡಿಂಗಲ್ಲಿ ಇಷ್ಟು ತಿಳಿದವರು ಇದ್ದಾರೆ," ಎಂದು ಚಪ್ಪಾಳೆ ಹೊಡೆಸಿದರು. ಅವರು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅವರು ಮಕ್ಕಳನ್ನು ಟೆರೇಸಿಗೆ, ನನ್ನ ಮಳೆಮಾಪಕದ ಪಕ್ಕಕ್ಕೆ ಕರೆದುಕೊಂಡು ಹೋದರು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಎಡಗೈ ಚಾಚಿ, ಆ ಕಡೆಗೆ ಒತ್ತಡ ಕಮ್ಮಿ ಇರುತ್ತದೆ, ಚಂಡಮಾರುತವಿದ್ದರೆ ಅದರ ಹೊಟ್ಟೆ ಅತ್ತ ಕಡೆ ಎಂದರು. ತಾವು ಸಣ್ಣ ಅಧಿಕಾರಿಯಾಗಿದ್ದಾಗ ಒಮಾನ್ ಹತ್ತಿರ ಗಾಳಿಯಿಲ್ಲದ ಸಮುದ್ರದಲ್ಲಿ ಉದ್ದುದ್ದ ಅಲೆಗಳು ಬಂದದ್ದು, ಹಳೆಯ ಕ್ಯಾಪ್ಟನ್ ಅದನ್ನು ನೋಡಿಯೇ ಹಡಗು ತಿರುಗಿಸಿದ್ದು, ಎರಡು ದಿನದ ಮೇಲೆ ಆ ಜಾಗದಲ್ಲಿ ಏನಾಯಿತು ಎಂಬುದು, ಎಲ್ಲ ಹೇಳಿದರು. ಬಿರುಗಾಳಿ ಬರುವ ಮುಂಚೆ ಅದರ ಅಲೆ ಬರುತ್ತದಂತೆ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಅವರಿಗೆ ಹೊಟ್ಟೆ ತೊಳಸಿದ್ದರಿಂದ ಗೊತ್ತಿತ್ತು.

ಅವತ್ತಿನಿಂದ ಮಗಳು ಬಾಲ್ಕನಿಗೆ ಹೋದರೆ ಸಾಕು, ಬೆನ್ನು ತಿರುಗಿಸಿ ಎಡಗೈ ಚಾಚುತ್ತಿದ್ದಳು. "ಕ್ಯಾಪ್ಟನ್ ಅಂಕಲ್ ಬೋಲೇ ಥೇ", ಅವರು ಹೇಳಿದ್ದರು, ಎಂಬ ಮಾತು ಊಟದ ಹೊತ್ತಿಗೆ ಎರಡು ಸಲವಾದರೂ ಬರುತ್ತಿತ್ತು. ನಾನು ಆಫೀಸಿನಲ್ಲಿ ಕೂತು ಅವರು ಹೇಳಿದ ಒಂದೊಂದನ್ನೂ ಇಂಟರ್ನೆಟ್ಟಿನಲ್ಲಿ ಪರೀಕ್ಷಿಸಿದೆ. ಒಂದು ತಪ್ಪೂ ಸಿಗಲಿಲ್ಲ. ಸಿಗದೆ ಹೋದಷ್ಟೂ ಹುಡುಕುವ ಹಟ ಹೆಚ್ಚಾಯಿತು.

ಮೇ ತಿಂಗಳು ಬಂತು. ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಶುರುವಾಗಿದೆ ಎಂದು ಸುದ್ದಿ ಬಂದ ದಿನ ನಾನು ಬ್ಯಾಂಕಿನಲ್ಲಿ ಒಂದು ಸಭೆಯಲ್ಲಿದ್ದೆ. ಊಟದ ಹೊತ್ತಿಗೆ ಫೋನ್ ತೆರೆದರೆ ಸೊಸೈಟಿಯ ಗುಂಪಿನಲ್ಲಿ ಕ್ಯಾಪ್ಟನ್ನರ ದನಿಯಲ್ಲೇ ಸಂದೇಶವಿತ್ತು. ಸಮುದ್ರ ಈ ಸಲ ಆಳದವರೆಗೆ ಬಿಸಿ ಇದೆ, ಇದು ನಮ್ಮ ತೀರದ ಪಕ್ಕದಲ್ಲೇ ಉತ್ತರಕ್ಕೆ ಹೋಗಬಹುದು, ಟೆರೇಸಿನ ಶೀಟುಗಳನ್ನು ಬಿಗಿಯಿರಿ, ಕಾರುಗಳನ್ನು ಮರದ ಕೆಳಗಿಂದ ತೆಗೆಯಿರಿ. ಕೆಳಗೆ ಜನರ ಸಾಲು ಸಾಲು ಥ್ಯಾಂಕ್ಸ್. ಒಬ್ಬರಂತೂ, "ಈಗ ನಮಗೆ ನಿಜವಾದ ಎಕ್ಸ್‌ಪರ್ಟ್ ಸಿಕ್ಕರು," ಎಂದು ಬರೆದಿದ್ದರು.

ಆ 'ನಿಜವಾದ' ಎಂಬ ಪದವನ್ನು ನಾನು ನುಂಗಲಾರದೆ ಹೋದೆ. ಡಬ್ಬಿ ಮುಚ್ಚಿಟ್ಟು ಅಲ್ಲೇ ಬರೆಯಲು ಕೂತೆ. ಮೇಲಿನ ಗಾಳಿ ಬೇರೆ ದಿಕ್ಕಿಗೆ ಜೋರಾಗಿ ಬೀಸುತ್ತಿರುವಾಗ ಚಂಡಮಾರುತದ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಅದು ಬೆಳೆಯುವುದಿಲ್ಲ. ಅರಬ್ ಕಡೆಯ ಒಣಗಾಳಿ ಒಳಹೊಕ್ಕರೆ ಮೋಡಗಳು ಸಾಯುತ್ತವೆ. ಈಗ ಎರಡೂ ಇವೆ. ಮುಂಬೈಗೆ ಚೂರು ಗಾಳಿ, ನಾಲ್ಕು ಹನಿ ಮಳೆ ಅಷ್ಟೇ. ಹೆದರಬೇಕಾಗಿಲ್ಲ. ಹೀಗೆ ಬರೆದೆ. ಆ ದಿನದ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಹನ್ನೊಂದು ವರ್ಷದ ನಂಬಿಕೆ ಕೆಲಸ ಮಾಡಿತು. ಜನ ನಿರಾಳವಾದರು. ಟೆರೇಸಿನ ಶೀಟು ಕಟ್ಟಲು ಕೆಲಸದವನನ್ನು ಕರೆಸುವುದೋ ಬೇಡವೋ ಎಂದು ಸೆಕ್ರೆಟರಿ ನನಗೆ ಫೋನ್ ಮಾಡಿ ಕೇಳಿದರು. ಸೋರುವುದಕ್ಕೆ ತಡೆಯೆಂದು ಟೆರೇಸಿನ ಅರ್ಧ ಭಾಗಕ್ಕೆ ತಗಡಿನ ಚಾವಣಿ ಹಾಕಿದ್ದೆವು. ಅದರ ಬೋಲ್ಟುಗಳು ತುಕ್ಕು ಹಿಡಿದಿದ್ದವು.

"ಜೂನ್‌ನಲ್ಲಿ ಹೇಗೂ ಕರೆಸಬೇಕಲ್ಲ, ಆಗ ನೋಡಿದರಾಯಿತು," ಎಂದೆ.

ಶನಿವಾರ ಅದು ಚಂಡಮಾರುತವಾಯಿತು. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ತೆರೆದೆ. ಮೇಲಿನ ಗಾಳಿ ಸತ್ತುಹೋಗಿತ್ತು. ಚೆಲ್ಲಾಪಿಲ್ಲಿಯಾಗಿದ್ದ ಮೋಡ ಉಂಡೆಯಾಗಿ ಕೂಡಿಕೊಂಡು, ನಡುವೆ ಸಣ್ಣ ಕಪ್ಪು ಚುಕ್ಕೆ ಮೂಡುತ್ತಿತ್ತು. ತಡೆಯುವವರಿಲ್ಲದಾಗ ಅದು ಹೇಗೆ ಬೆಳೆಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮೇಲೇರಿದ ಆವಿ ನೀರಾಗುವಾಗ ಸಮುದ್ರದಿಂದ ತಂದ ಬಿಸಿಯನ್ನು ಅಲ್ಲೇ ಬಿಟ್ಟುಕೊಡುತ್ತದೆ. ಆ ಬಿಸಿಗೆ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಇನ್ನೂ ಕುಸಿಯುತ್ತದೆ, ಸುತ್ತಲಿನ ಗಾಳಿ ಇನ್ನೂ ಜೋರಾಗಿ ಬಂದು ಇನ್ನಷ್ಟು ಆವಿ ತರುತ್ತದೆ. ಒಂದೇ ದಿನದಲ್ಲಿ ಸಾಧಾರಣ ಚಂಡಮಾರುತ ಭೀಕರವಾಗುವುದು ಹೀಗೆ.

ಗೋಡೆಯ ಬ್ಯಾರೋಮೀಟರ್ ನೋಡಿದೆ. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಳ್ಳು ಮೇಲಿರಬೇಕು. ಅವತ್ತು ಏರಲೇ ಇಲ್ಲ. ಗಾಜನ್ನು ಬೆರಳಿನಿಂದ ತಟ್ಟಿದೆ. ಇನ್ನೂ ಚೂರು ಇಳಿಯಿತು.

ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಗುಂಪಿಗೆ ಹಾಕಿದ ನಾಲ್ಕು ಸಾಲಿನಲ್ಲಿ ಮಳೆ, ಬಿಸಿಲು, ಗಾಳಿಯ ದಿಕ್ಕು ಇತ್ತು. ಒತ್ತಡದ ಸಾಲು ಇರಲಿಲ್ಲ.

ಹನ್ನೊಂದು ಗಂಟೆಗೆ ಮಗಳು ಕೆಳಗಿಂದ ಬಂದಳು. "ಪಪ್ಪಾ, ಬ್ಯಾರೋಮೀಟರ್ ಎಷ್ಟು ಇದೆ? ಕ್ಯಾಪ್ಟನ್ ಅಂಕಲ್ ಪೂಛ್ ರಹೇ ಹೈಂ."

"ದಿನದ ಹಾಗೇ ಇದೆ," ಎಂದೆ.

"ಪಕ್ಕಾ?"

"ಪಕ್ಕಾ."

ಅವಳು ಗೋಡೆಯ ಕಡೆ ನೋಡಲೂ ಇಲ್ಲ. ಅಪ್ಪ ಹೇಳಿದ್ದನ್ನು ಹೇಳಲು ಓಡಿದಳು. ಕರೆಯಬಹುದಿತ್ತು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಇಳಿದುಹೋಗುವವರೆಗೆ ನಾನು ಕುರ್ಚಿಯಲ್ಲೇ ಕೂತಿದ್ದೆ. ಅವರು ಸರಿ, ನಾನು ತಪ್ಪು ಎಂದು ಎಲ್ಲರ ಎದುರು ಬರೆಯುವುದು ನನ್ನಿಂದ ಆಗುತ್ತಿರಲಿಲ್ಲ. ಹೇಗೂ ಸಮುದ್ರದಲ್ಲೇ ದೂರ ಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಆಕಾಶ ಹಳದಿ ಬೂದಿಯ ಬಣ್ಣದಲ್ಲಿತ್ತು. ಮಳೆ ಬಿಟ್ಟು ಬಿಟ್ಟು ಅಡ್ಡವಾಗಿ ಬರುತ್ತಿತ್ತು. ಹೆಂಡತಿ ತಯಾರಾಗಿ ಡಬ್ಬಿ ಬ್ಯಾಗಿಗೆ ಹಾಕಿದಳು. ನಾನು ಅವಳ ಪ್ರಶ್ನೆಗೆ ಕಾಯುತ್ತ ನಿಂತೆ. ಅವಳು ನನ್ನ ಪಕ್ಕದಿಂದ ಹಾದು ಬಾಗಿಲು ತೆರೆದು, ಚಪ್ಪಲಿ ಹಾಕದೆ ಮೆಟ್ಟಿಲಿಳಿದು ಬಿ ವಿಂಗಿನ ಕಡೆ ಹೋದಳು. ಬಾಲ್ಕನಿಯಿಂದ ನೋಡಿದೆ. ಕಾಂಪೌಂಡಿನಲ್ಲಿ ಕ್ಯಾಪ್ಟನ್ ನಿಂತಿದ್ದರು. ಇಬ್ಬರೂ ತುಳುವಿನಲ್ಲಿ ಎರಡು ನಿಮಿಷ ಮಾತಾಡಿದರು. ಅವರು ಗಾಳಿಗೆ ಬೆನ್ನು ಕೊಟ್ಟು ಎಡಗೈಯನ್ನು ನೈಋತ್ಯಕ್ಕೆ ಚಾಚಿ ತೋರಿಸಿದರು. ಅವಳು ತಲೆಯಾಡಿಸಿ ವಾಪಸ್ ಬಂದಳು.

"ನಾನು ಇವತ್ತು ಹೋಗುವುದಿಲ್ಲ. ಲ್ಯಾಬಿಗೆ ಫೋನ್ ಮಾಡ್ತೇನೆ."

"ನನ್ನನ್ನು ಕೇಳಲಿಲ್ಲ ನೀನು."

"ನೀವು ಗುಂಪಲ್ಲಿ ಬರೆದಿದ್ದೀರಲ್ಲ. ಅದನ್ನು ಓದಿದೆ." ಡಬ್ಬಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯುತ್ತ, "ಮಾಮ ಬೇರೆ ಹೇಳಿದ್ರು," ಎಂದಳು.

"ಸರಿ. ನಾನು ಹೋಗ್ತೀನಿ."

"ಇವತ್ತೊಂದು ದಿನ ಬೇಡ."

"ಏನೂ ಆಗಲ್ಲ ಕಣೇ," ಎಂದು ಬ್ಯಾಗ್ ಎತ್ತಿಕೊಂಡೆ. ಬ್ಯಾಂಕಿನಲ್ಲಿ ಅವತ್ತು ತುರ್ತು ಕೆಲಸವೇನೂ ಇರಲಿಲ್ಲ. ಕ್ಯಾಪ್ಟನ್ನರ ಎದುರಿಗೇ ಕಾಂಪೌಂಡ್ ದಾಟಿ ಹೊರಗೆ ಹೋಗಬೇಕಿತ್ತು, ಅಷ್ಟೇ. ಅವರು ಏನೋ ಹೇಳಲು ಕೈ ಎತ್ತಿದರು. ಗಡಿಯಾರ ನೋಡಿಕೊಳ್ಳುವವನ ಹಾಗೆ ನಟಿಸಿ ಗೇಟು ದಾಟಿದೆ.

ಹನ್ನೊಂದರ ಹೊತ್ತಿಗೆ ಕುರ್ಲಾದಲ್ಲಿ ಬ್ಯಾಂಕಿನ ಗಾಜಿನ ಬಾಗಿಲು ತಾನಾಗಿ ತೆರೆದು ಬಡಿಯತೊಡಗಿತು. ಎದುರಿನ ಗ್ಯಾರೇಜಿನ ಫಲಕ ಹಾರಿ ರಸ್ತೆಗೆ ಬಿತ್ತು. ಮ್ಯಾನೇಜರ್ ಶಾಖೆ ಮುಚ್ಚಿಸಿದರು. ಸ್ಟೇಷನ್ನಿಗೆ ಹೋದರೆ, ಮೇಲಿನ ತಂತಿಯ ಮೇಲೆ ಮರ ಬಿದ್ದು ಲೋಕಲ್ ನಿಂತಿದೆ ಎಂದರು. ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ ಹೆಂಡತಿಯ ಫೋನ್ ಬಂತು. ಹಿಂದೆ ಏನೋ ಡೋಲು ಹೊಡೆದ ಹಾಗೆ ಸದ್ದು.

"ಎಲ್ಲಿದ್ದೀರಿ? ಮೇಲಿನ ಶೀಟು ಬಡಿತಾ ಉಂಟು. ಒಂದು ಹಾರಿ ಹೋಯ್ತು."

"ಯಾರೂ ಮೇಲೆ ಹೋಗ್ಬೇಡಿ ಅಂತ ಹೇಳು."

"ಮಾಮ ಹೋಗಿ ಆಯ್ತು. ವಾಚ್‌ಮನ್, ಸೆಕ್ರೆಟರಿ ಇದ್ದಾರೆ. ಮಗಳು..." ಲೈನ್ ಕಡಿಯಿತು.

ವಿದ್ಯಾವಿಹಾರದ ಕಡೆಯಿಂದ ನಡೆದೆ. ಗುಲ್‌ಮೊಹರ್ ಮರಗಳು ಬುಡಸಮೇತ ಬಿದ್ದು, ಕೆಂಪು ಹೂವು ಕಾರುಗಳ ಮೇಲೆ ಅಂಟಿಕೊಂಡಿತ್ತು. ಗಾಳಿ ದಕ್ಷಿಣದಿಂದ ಬರುತ್ತಿತ್ತು. ನಾನು ಉತ್ತರಕ್ಕೆ ಹೋಗುತ್ತಿದ್ದವನು, ಅದು ಬೆನ್ನಿಗೆ ಕೈಹಾಕಿ ತಳ್ಳುತ್ತಿತ್ತು. ಹಾಗಾದರೆ ನನ್ನ ಎಡಕ್ಕೆ, ಪಶ್ಚಿಮದಲ್ಲಿ, ಸಮುದ್ರದ ಮೇಲೆ ಅದು ಇದೆ ಎಂದು ಲೆಕ್ಕ ಬಂತು. ಮಗಳು ಮೇಲೆ ಇದ್ದಾಳೋ ಎಂದು ಹೆದರಿ ಓಡುತ್ತಿರುವಾಗಲೂ, ಈ ಲೆಕ್ಕ ಕಲಿಸಿದವರು ಅವರು ಎಂಬುದು ಚುಚ್ಚಿತು. ಮನುಷ್ಯನ ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇಲ್ಲ.

ಮನೆ ಮುಟ್ಟುವಾಗ ಎರಡು ಗಂಟೆ. ಮಗಳು ಕ್ಷೇಮವಾಗಿದ್ದಳು. ಮೆಟ್ಟಿಲ ಕೊನೆಯ ಬಾಗಿಲ ಒಳಗೆ ನಿಂತು, ಗಾಳಿಯ ಹೊಡೆತ ಬರುವ ಮುಂಚೆ ಮರಗಳು ಬಾಗುವುದನ್ನು ನೋಡಿ ಕೂಗಿ ಹೇಳುವುದು ಅವಳ ಕೆಲಸವಾಗಿತ್ತಂತೆ. ಅವಳು ಕೂಗಿದಾಗ ಮೂವರೂ ನೆಲಕ್ಕೆ ಕೂರುವುದು, ತಗ್ಗಿದಾಗ ಎದ್ದು ಕಟ್ಟುವುದು. ಹೀಗೆ ಒಂದು ಗಂಟೆ ಕೆಲಸ ಮಾಡಿ ಉಳಿದ ಶೀಟುಗಳನ್ನು ದಪ್ಪ ಹಗ್ಗದಿಂದ ಟಾಂಕಿಯ ಕಂಬಗಳಿಗೆ ಬಿಗಿದಿದ್ದರು. ತಗಡಿನ ಅಂಚು ಕ್ಯಾಪ್ಟನ್ನರ ಬಲ ಅಂಗೈಯನ್ನು ಸೀಳಿತ್ತು. ಎ ವಿಂಗಿನ ಡಾಕ್ಟರು ಆರು ಹೊಲಿಗೆ ಹಾಕಿದ್ದರು.

ನಾನು ಒಳಗೆ ಬಂದಾಗ ಅವರು ನಮ್ಮ ಹಾಲಿನಲ್ಲಿ ನನ್ನ ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಮಗಳು ಅವರ ಬ್ಯಾಂಡೇಜು ಕಟ್ಟಿದ ಕೈಯನ್ನು ದಿಂಬಿನ ಮೇಲೆ ಇಟ್ಟು ಹಿಡಿದುಕೊಂಡಿದ್ದಳು. ನಾನು ಬಾಗಿಲಲ್ಲಿ ನೀರು ಸುರಿಸುತ್ತ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಆ ಗಳಿಗೆಯಲ್ಲಿ ನನಗೆ ಕೃತಜ್ಞತೆ ಬರಲಿಲ್ಲ. ಆ ಬ್ಯಾಂಡೇಜಿನ ಮೇಲೆ ಹೊಟ್ಟೆಕಿಚ್ಚು ಬಂತು. ಆ ಗಾಯ ನನ್ನ ಕೈಯದಾಗಬೇಕಿತ್ತು ಅನ್ನಿಸಿತು.

"ಬಂದ್ರಾ," ಎಂದರು ಅವರು. "ಒಳ್ಳೇದಾಯ್ತು. ಇವಳು ಹೆದರಿದ್ದಳು."

ಎರಡು ದಿನದ ಮೇಲೆ ಕಾಂಪೌಂಡಿನಲ್ಲಿ ಎ ವಿಂಗಿನ ಗುಜರಾತಿ ಅಜ್ಜಿ ಸಿಕ್ಕರು. ಎಲ್ಲರೂ ಅವರನ್ನು 'ಬಾ', ಗುಜರಾತಿಯಲ್ಲಿ ಅಮ್ಮ, ಎಂದೇ ಕರೆಯುವುದು. ಪ್ರತಿದಿನ ಹನ್ನೊಂದೂವರೆಗೆ ಕೋಲೂರಿಕೊಂಡು ಬಂದು ಕಾಂಪೌಂಡಿನ ಬೆಂಚಿನಲ್ಲಿ ಕೂರುವುದು ಅವರ ರೂಢಿ. ಅವತ್ತು ಕೂರಲು ಬೆಂಚು ಉಳಿದಿರಲಿಲ್ಲ. ಮೇಲಿಂದ ಬಿದ್ದ ತಗಡು ಅದನ್ನು ಎರಡು ತುಂಡು ಮಾಡಿತ್ತು.

"ಭಾಯ್, ಅವತ್ತು ನಾನು ಲಿಫ್ಟಿನವರೆಗೆ ಬಂದಿದ್ದೆ," ಎಂದರು ಹಿಂದಿಯಲ್ಲಿ, ನಗುತ್ತ. "ಸ್ವಲ್ಪ ಗಾಳಿ ಅಷ್ಟೇ ಅಂತ ನೀನು ಬರೆದದ್ದನ್ನು ಮಗ ಓದಿ ಹೇಳಿದ್ದ. ನಿನ್ನ ಹೆಂಡತಿ ಕೈ ಹಿಡಿದು ವಾಪಸ್ ಕಳಿಸಿದಳು. ಆಮೇಲೆ ಇದು ಬಿತ್ತು." ಅವರ ದನಿಯಲ್ಲಿ ದೂರೇ ಇರಲಿಲ್ಲ. ದೇವರು ದೊಡ್ಡವನು ಎಂದು ನನ್ನ ತೋಳು ತಟ್ಟಿ ಹೋದರು.

ನಾನು ಮುರಿದ ಬೆಂಚಿನ ತುಂಡುಗಳನ್ನು ಎಳೆದು ಗೋಡೆಗೆ ಒರಗಿಸಿದೆ. ಆಮೇಲೆ ಮನೆಗೆ ಹೋಗಿ ನೋಟ್‌ಬುಕ್ ತೆಗೆದು ಹೆಂಡತಿಗೆ ಭಾನುವಾರದ ಪುಟ ತೋರಿಸಿದೆ. ಹೇಳಬೇಕಾದದ್ದೆಲ್ಲ ಹೇಳಿದೆ. ಮಗಳಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಬೈಯಲಿಲ್ಲ. "ಮಗುವಿನ ಕೈಯಲ್ಲಿ ಸುಳ್ಳು ಕಳಿಸಿದಿರಿ," ಎಂದಳು. ಆಮೇಲೆ ಐದಾರು ದಿನ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ.

ಅದೇ ಸಂಜೆ ನೋಟ್‌ಬುಕ್ ಹಿಡಿದು ಬಿ ವಿಂಗಿನ ಮೂರನೇ ಮಹಡಿಗೆ ಹೋದೆ. ಕ್ಯಾಪ್ಟನ್ ಕನ್ನಡಕ ಹಾಕಿ ಪುಟವನ್ನು ಓದಿದರು. ಇನ್ನೊಮ್ಮೆ ಓದಿದರು.

"ಇದು ಭಾನುವಾರ ಬೆಳಗಿನದ್ದಾ?"

"ಹೌದು."

"ದಿನದ ಹಾಗೆ ಉಂಟು ಅಂತ ಹೇಳಿ ಕಳಿಸಿದ್ರಿ."

"ಹೌದು, ಕ್ಯಾಪ್ಟನ್."

"ಎಂತಕ್ಕೆ?"

"ನಿಮ್ಮ ಮಾತು ನಿಜ ಆಗೋದು ನನಗೆ ಬೇಡವಾಗಿತ್ತು," ಎಂದೆ. "ನೀವು ಬಂದ ಮೇಲೆ ನನ್ನನ್ನು ಯಾರೂ ಏನೂ ಕೇಳ್ತಿರಲಿಲ್ಲ. ಮನೆಯಲ್ಲೂ."

ಅವರು ಸಮಾಧಾನ ಹೇಳಲಿಲ್ಲ. ಮುಖ ಕೆಂಪಾಯಿತು. "ಈ ರೀಡಿಂಗ್ ನನಗೆ ಭಾನುವಾರ ಸಿಕ್ಕಿದ್ರೆ ಸೆಕ್ರೆಟರಿಯನ್ನು ಅಲ್ಲೇ ಹಿಡಿದು ಸಂಜೆಯೊಳಗೆ ಶೀಟು ಕಟ್ಟಿಸ್ತಿದ್ದೆ. ಗಾಳಿ ಇಲ್ಲದಾಗ. ನಿಮ್ಮ ಮಗಳು ಆ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ. ಹಡಗಿನಲ್ಲಾದ್ರೆ ನಿಮ್ಮನ್ನು ಮುಂದಿನ ಬಂದರಲ್ಲಿ ಇಳಿಸಿಬಿಡ್ತಿದ್ದೆ."

ನಾನು ಎದ್ದು ನಿಂತೆ. ಅವರು ನೋಟ್‌ಬುಕ್ ಕೊಡಲಿಲ್ಲ. ಎಡಗೈಯಿಂದ ಹಿಂದಿನ ಪುಟಗಳನ್ನು ತಿರುವುತ್ತ ಹೋದರು. ಹನ್ನೊಂದು ವರ್ಷದ ಬೆಳಗುಗಳು. ಜ್ವರ ಬಂದ ದಿನ ಹೆಂಡತಿಯ ಕೈಬರಹ, ಮಗಳ ಹುಟ್ಟುಹಬ್ಬದಂದು ಅಂಚಿನಲ್ಲಿ ಅವಳೇ ಬಿಡಿಸಿದ ಬಲೂನು. ಮೊದಲ ಪುಟ ಮುಟ್ಟಿದ ಮೇಲೆ, "ಒಂದು ದಿನವೂ ಬಿಟ್ಟಿಲ್ಲ," ಎಂದರು. ಹೊಗಳಿಕೆಯ ದನಿಯಲ್ಲ, ಸುಮ್ಮನೆ ಕಂಡದ್ದನ್ನು ಹೇಳುವ ದನಿ. ನೋಟ್‌ಬುಕ್ ವಾಪಸ್ ಕೊಟ್ಟು, "ನಾಳೆ ಎಂಟೂವರೆಗೆ ಒತ್ತಡ ಎಷ್ಟು ಅಂತ ನನಗೆ ಬೇಕು. ನೀವೇ ಬಂದು ಹೇಳಿ, ಮಗಳನ್ನು ಕಳಿಸಬೇಡಿ," ಎಂದರು.

ಮಗಳಿಗೆ ನಾನೇ ಹೇಳಿದೆ. ಅವಳು, "ಪರ್ ಮೈನೇ ಪಕ್ಕಾ ಪೂಛಾ ಥಾ," ಎಂದಳು. ಹೌದು, ಪಕ್ಕಾನಾ ಎಂದು ಅವಳು ಕೇಳಿಯೇ ಹೋಗಿದ್ದಳು. ಅವತ್ತೇ ಗುಂಪಿನಲ್ಲಿಯೂ ಬರೆದೆ: ಭಾನುವಾರವೇ ಒತ್ತಡ ಇಳಿದದ್ದನ್ನು ನೋಡಿದ್ದೆ, ಬೇಕೆಂದೇ ಹೇಳಲಿಲ್ಲ, ತಪ್ಪು ನನ್ನದು. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಮೂರನೆಯವರು ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು. ಸೆಕ್ರೆಟರಿ ಮಾತ್ರ ಮುಂದಿನ ಒಂದು ವರ್ಷ ನನ್ನನ್ನು ಏನೂ ಕೇಳಲಿಲ್ಲ. ಅದು ನ್ಯಾಯವೇ.

ಮರುದಿನದಿಂದ ಎಂಟೂವರೆಗೆ ಬಿ ವಿಂಗಿಗೆ ಹೋಗತೊಡಗಿದೆ. ಮೊದಮೊದಲು ಬಾಗಿಲಲ್ಲೇ ನಿಂತು ಅಂಕಿ ಹೇಳಿ ಬರುತ್ತಿದ್ದೆ. ಜೂನ್ ಕೊನೆಗೆ ಒಳಗೆ ಕೂತು ಚಹಾ ಕುಡಿಯುವ ಹಾಗಾಯಿತು. ಅವರು ಮೋಡ ನೋಡಿ ಹೇಳುತ್ತಿದ್ದರು, ನಾನು ನಕ್ಷೆ ನೋಡಿ ಹೇಳುತ್ತಿದ್ದೆ. ಕೆಲವು ಸಲ ಅವರು ಸೋಲುತ್ತಿದ್ದರು, ಆಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದು ಗೊತ್ತಾಗಿ ಅವರು ನಗುತ್ತಿದ್ದರು. ಸ್ವಲ್ಪ ತುಳುವನ್ನೂ ಕಲಿತೆ. ನನ್ನ ಉಚ್ಚಾರಕ್ಕೆ ಹೆಂಡತಿ ಇವತ್ತಿಗೂ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಎರಡು ವರ್ಷದ ಮೇಲೆ ಕ್ಯಾಪ್ಟನ್ ಮಂಗಳೂರಿಗೆ ಮಗಳ ಮನೆಗೆ ಹೋದರು. ಈಗ ಬೆಳಿಗ್ಗೆ ಫೋನಿನಲ್ಲಿ ಅವರ ಬ್ಯಾರೋಮೀಟರ್ ಎಷ್ಟು, ನನ್ನದೆಷ್ಟು ಎಂದು ಹೇಳಿಕೊಳ್ಳುತ್ತೇವೆ.

ಈ ವರ್ಷ ಮಗಳು ಹವಾಮಾನ ವಿಜ್ಞಾನ ಓದಲು ಅರ್ಜಿ ಹಾಕಿದಳು. ಈ ವಿಷಯ ಯಾಕೆ ಎಂದು ಒಂದು ಪುಟ ಬರೆಯಬೇಕಿತ್ತು. ಇಂಗ್ಲಿಷಿನಲ್ಲಿ ಬರೆದು ನನಗೆ ಓದಲು ಕೊಟ್ಟಳು. ಸೊಸೈಟಿಯ ಹಾಲಿನಲ್ಲಿ ಇಪ್ಪತ್ತು ಮಕ್ಕಳು ತನ್ನ ಸುತ್ತ ತಿರುಗಿದ್ದು, ಟೆರೇಸಿನ ಬಾಗಿಲಲ್ಲಿ ನಿಂತು ಗಾಳಿ ಎಣಿಸಿದ್ದು, ಕ್ಯಾಪ್ಟನ್ ಅಂಕಲ್ ಹೇಳಿದ ಒಮಾನಿನ ಅಲೆಗಳು, ಇವೆಲ್ಲ ಸೇರಿ ಮುಕ್ಕಾಲು ಪುಟ. ಕೊನೆಗೆ ನನ್ನ ಬಗ್ಗೆ ಒಂದು ಸಾಲು: ನನ್ನ ತಂದೆ ಪ್ರತಿದಿನ ಮಳೆ ಅಳೆಯುತ್ತಾರೆ.

"ಹೇಗುಂಟು?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಚೆನ್ನಾಗಿದೆ. ಒಂದು ಕಡೆ ಸ್ಪೆಲ್ಲಿಂಗ್ ತಪ್ಪಿದೆ," ಎಂದೆ. ತಿದ್ದಿ ಕೊಟ್ಟೆ.

ಅದನ್ನು ಕ್ಯಾಪ್ಟನ್ನರಿಗೆ ಕಳಿಸು, ಅವರು ಸಂತೋಷಪಡುತ್ತಾರೆ ಎಂದು ಮಗಳಿಗೆ ಹೇಳಿದವನು ನಾನೇ. ಅಷ್ಟು ಹೇಳಲು ನನಗೆ ಎರಡು ದಿನ ಬೇಕಾಯಿತು.